ಬ್ರೆಜಿಲ್‌ನಿಂದ ಬಂದ ಬಾವಿಕಟ್ಟಿ

ಗಂಡಸರ ಎದೆಯ ಮೇಲಿನ ಬಕಲ್ ಎಳೆದು ನೋಡುವುದು ಶೀತಲ್ ಬಾವಿಕಟ್ಟಿಯ ದಿನದ ಕೆಲಸ. ಇಷ್ಟೇ ಹೇಳಿ ಬಿಟ್ಟರೆ ಶಿರಹಟ್ಟಿಯ ಹಿರಿಯರು ಹುಬ್ಬೇರಿಸಿಯಾರು, ಹಾಗಾಗಿ ಪೂರ್ತಿ ಹೇಳಿಬಿಡುವುದು ಒಳ್ಳೆಯದು. ಮುಂಡರಗಿ ಕಡೆಯ ಗುಡ್ಡದ ಮೇಲೆ ಸಾಲಾಗಿ ತಿರುಗುವ ಗಾಳಿ ಫ್ಯಾನುಗಳಿವೆಯಲ್ಲ, ಅಲ್ಲಿ ಅವಳು ಸೇಫ್ಟಿ ಆಫೀಸರ್. ಫ್ಯಾನು ಹತ್ತುವ ಯಾವನೇ ಆಗಲಿ, ಮೊದಲು ಅವಳ ಮುಂದೆ ನಿಲ್ಲಬೇಕು. ಹಗ್ಗ, ಹೆಲ್ಮೆಟ್, ಸೊಂಟದ ಪಟ್ಟಿ, ಎದೆಯ ಬಕಲ್ ಎಲ್ಲವನ್ನೂ ಎಳೆದು ನೋಡಿ, ಫಾರ್ಮಿಗೆ ಅವಳು ಸಹಿ ಹಾಕಿದ ಮೇಲೆಯೇ ಅವನ ಕಾಲು ಏಣಿಯ ಮೇಲೆ.

ಆಗಸ್ಟಿನ ಆ ಸೋಮವಾರ ಬ್ರೆಜಿಲ್‌ನಿಂದ ಒಬ್ಬ ಮೂರು ತಿಂಗಳ ಕೆಲಸಕ್ಕೆ ಬರುವವನಿದ್ದ. ಫ್ಯಾನಿನ ರೆಕ್ಕೆ ಬಿರುಕು ಬಿಟ್ಟರೆ ಹಗ್ಗ ಕಟ್ಟಿಕೊಂಡು ಇಳಿಬಿದ್ದು ತೇಪೆ ಹಾಕುವ ಪರಿಣತ. ಶೀತಲ್ ಮನಸ್ಸಿನಲ್ಲೇ ಒಂದು ಚಿತ್ರ ಬರೆದುಕೊಂಡಿದ್ದಳು: ಗುಂಗುರು ಕೂದಲು, ಆರಡಿ ಎತ್ತರ, ಫುಟ್‌ಬಾಲ್ ಆಡುವವರ ಮೈಕಟ್ಟು. ಸಾಲಿನ ಕೊನೆಯಲ್ಲಿ ನಿಂತಿದ್ದವನು ನೋಡಿದರೆ ಅವಳಿಗಿಂತ ನಾಲ್ಕು ಬೆರಳು ಎತ್ತರ ಅಷ್ಟೇ. ನೇರ ಕಪ್ಪು ಕೂದಲು, ನಕ್ಕರೆ ಗೆರೆಯಾಗಿಬಿಡುವ ಕಣ್ಣು. ಯಾವುದೋ ಜಪಾನ್ ಕಂಪನಿಯವನು ಸೈಟ್ ನೋಡಲು ಬಂದಿರಬೇಕೆಂದುಕೊಂಡ ಅವಳು, ಸ್ವಲ್ಪ ಪಕ್ಕಕ್ಕೆ ನಿಲ್ಲಿ, ಬ್ರೆಜಿಲ್‌ನವರು ಬರಬೇಕಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಪಾಪ, ಅವನು ಪಕ್ಕಕ್ಕೆ ನಿಂತ. ಹತ್ತು ನಿಮಿಷ ನಿಂತ. ಕೊನೆಗೆ ಶಾಲೆಯ ಮಕ್ಕಳ ಹಾಗೆ ಕೈಯೆತ್ತಿ, ಆ ಬ್ರೆಜಿಲ್‌ನವನು ನಾನೇ ಅಂದ.

ಶೀತಲ್‌ಳ ಕಿವಿಯವರೆಗೆ ರಕ್ತ ಏರಿತು. ಅದನ್ನು ಮುಚ್ಚಿಕೊಳ್ಳಲು ಜೋರಾಗಿಯೇ ಫಾರ್ಮ್ ಓದತೊಡಗಿದಳು. ಹೆಸರು ರೆನಾಟೊ. ಅಡ್ಡಹೆಸರು ಇನೋವೆ. ಈ ಸೀಮೆಯಲ್ಲಿ ಅಡ್ಡಹೆಸರು ಕಣ್ಣಿಗೆ ಬಿದ್ದರೆ ಅದರ ಹಿಂದೆ ಹೋಗದೆ ಇರಲಾಗುವುದಿಲ್ಲ, ಅದೊಂದು ಚಟ. ಇದರ ಅರ್ಥವೇನು ಎಂದು ಕೇಳಿಯೇಬಿಟ್ಟಳು.

ಅವನಿಗೆ ಆಶ್ಚರ್ಯ. ಅವನ ಊರಲ್ಲಿ ಇದನ್ನು ಹೇಗೆ ಬರೆಯುವುದು ಎಂದು ಕೇಳುವವರೇ ಎಲ್ಲರೂ, ಅರ್ಥ ಕೇಳಿದವಳು ಇವಳೊಬ್ಬಳು. ಒಂದು ಕಡ್ಡಿ ತೆಗೆದುಕೊಂಡು ಕೆಂಪು ಮಣ್ಣಿನಲ್ಲಿ ಎರಡು ಅಕ್ಷರ ಬರೆದ. ಮೊದಲನೆಯದು ಬಾವಿ. ಎರಡನೆಯದು ಮೇಲೆ. ನೂರೈವತ್ತು ವರ್ಷದ ಹಿಂದೆ ಜಪಾನಿನಲ್ಲಿ ಎಲ್ಲರೂ ಅಡ್ಡಹೆಸರು ಇಟ್ಟುಕೊಳ್ಳಲೇಬೇಕೆಂದು ಸರಕಾರ ಹೇಳಿತಂತೆ. ಎಷ್ಟೋ ಜನ ಮನೆಯ ಸುತ್ತ ಕಣ್ಣಾಡಿಸಿ ಕಂಡದ್ದನ್ನೇ ಇಟ್ಟುಕೊಂಡರಂತೆ. ಅವನ ಹಿರಿಯರ ಮನೆ ಬಾವಿಯ ಮೇಲ್ಭಾಗದಲ್ಲಿತ್ತು, ಅದಕ್ಕೇ ಇನೋವೆ. ಮುತ್ತಜ್ಜ ಕಾಫಿ ತೋಟದ ಕೆಲಸಕ್ಕೆಂದು ಹಡಗು ಹತ್ತಿದಾಗ ಬಾವಿ ಅಲ್ಲೇ ಉಳಿಯಿತು, ಹೆಸರು ಬ್ರೆಜಿಲ್‌ಗೆ ಬಂತು.

ಶೀತಲ್ ಪೆನ್ನು ಕೆಳಗಿಟ್ಟಳು. ಕೊರಳಲ್ಲಿದ್ದ ಐಡಿ ಕಾರ್ಡನ್ನು ಅವನ ಮುಖದ ಮುಂದೆ ಹಿಡಿದು, ಅದರಲ್ಲಿದ್ದ ಹೆಸರನ್ನು ಬಿಡಿಸಿ ಹೇಳಿದಳು. ಬಾವಿ. ಬಾವಿಯ ಮೇಲಿನ ಕಟ್ಟೆ. ಅವನು ಕಾರ್ಡ್ ನೋಡಿದ, ಅವಳನ್ನು ನೋಡಿದ, ಮತ್ತೆ ಕಾರ್ಡ್ ನೋಡಿದ. ಆಮೇಲೆ ಇಬ್ಬರೂ ಸೇರಿ ನಕ್ಕ ನಗೆಗೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಲ್ಲೇ ನಿಂತಿದ್ದ ಮೆಣಸಿನಕಾಯಿ, ಹುಣಸಿಮರದ, ಕಳಕಪ್ಪ ಅಡವಿ ಎಲ್ಲರ ಅಡ್ಡಹೆಸರನ್ನೂ ಅವಳು ಅವನಿಗೆ ಅರ್ಥ ಮಾಡಿಸಿದಳು. ಅಡವಿ ಅಂದರೆ ಕಾಡು ಎಂದಾಗ ಅವನಿಗೆ ಇನ್ನೂ ಖುಷಿ. ನಮ್ಮೂರಲ್ಲೂ ಅಡವಿಯವರಿದ್ದಾರೆ, ಹಯಾಶಿ ಅನ್ನುತ್ತೇವೆ ಎಂದ.

ಫಾರ್ಮಿನಲ್ಲಿ ಇನ್ನೊಂದು ಕಾಲಂ ಉಳಿದಿತ್ತು: ಅಪಘಾತವಾದರೆ ಯಾರಿಗೆ ತಿಳಿಸಬೇಕು, ಅವರ ಸಂಬಂಧವೇನು. ಅವನು ಬ್ರೆಜಿಲ್‌ನಲ್ಲಿರುವ ಅಜ್ಜಿಯ ಹೆಸರು ಬರೆದಿದ್ದ. ಇದು ನಡೆಯುವುದಿಲ್ಲ, ಇಲ್ಲಿಯವರದ್ದೇ ಒಂದು ಹೆಸರು ಬೇಕು ಎಂದಳು ಶೀತಲ್. ಹಾಗಾದರೆ ನಿನ್ನದೇ ಬರೆದುಕೋ, ಈ ಗುಡ್ಡದಲ್ಲಿ ಬಾವಿಯ ಮೇಲಿನವರು ನಾವಿಬ್ಬರೇ ಅಲ್ಲವೇ ಎಂದ ಅವನು. ಅವಳು ತನ್ನ ಹೆಸರು ಬರೆದಳು. ಸಂಬಂಧದ ಕಾಲಂ ಖಾಲಿ ಬಿಟ್ಟಳು.

ಅಂದಿನಿಂದ ದಿನಾ ಬೆಳಿಗ್ಗೆ ಉಳಿದವರ ಬಕಲ್‌ಗೆ ಒಂದು ಎಳೆತವಾದರೆ ರೆನಾಟೊನದಕ್ಕೆ ಎರಡು. ಎರಡನೇ ಸಲ ಎಳೆಯುವಾಗ ಅವನು ಉಸಿರು ಬಿಗಿಹಿಡಿಯುತ್ತಿದ್ದ. ಅವಳು ಅದನ್ನು ನೋಡಿಯೂ ನೋಡದವಳ ಹಾಗೆ ಹೆಲ್ಮೆಟ್ ಪಟ್ಟಿಗೆ ಕೈ ಹಾಕುತ್ತಿದ್ದಳು. ಗಲ್ಲದ ಕೆಳಗೆ ಬೆರಳು ತಾಗಿದರೆ ಅವನ ಕಣ್ಣು ಗೆರೆಯಾಗುತ್ತಿತ್ತು. ಎಂಬತ್ತು ಮೀಟರ್ ಎತ್ತರದಲ್ಲಿ ಹಗ್ಗಕ್ಕೆ ಜೋತುಬಿದ್ದು ಅವನು ಕೆಳಗೆ ಕೈ ಬೀಸಿದರೆ, ಕೆಲಸದ ಮೇಲೆ ಗಮನವಿರಲಿ ಎಂದು ಇವಳು ವಾಕಿಟಾಕಿಯಲ್ಲಿ ಬೈಯುತ್ತಿದ್ದಳು. ಆ ಬೈಗುಳ ಕೇಳಲೆಂದೇ ಅವನು ಮತ್ತೆ ಕೈ ಬೀಸುತ್ತಿದ್ದ.

ಗದಗಿನ ಲಾಡ್ಜಿನಲ್ಲಿದ್ದ ರೆನಾಟೊಗೆ ಎರಡನೇ ವಾರಕ್ಕೇ ಹೋಟೆಲಿನ ಎಣ್ಣೆ ಒಗ್ಗದೆ ಹೊಟ್ಟೆ ಕೆಟ್ಟಿತು. ಮಜ್ಜಿಗೆ ಅನ್ನವನ್ನಾದರೂ ಉಣ್ಣಲಿ ಎಂದು ಶೀತಲ್ ಅವನನ್ನು ಶಿರಹಟ್ಟಿಯ ತನ್ನ ಮನೆಗೆ ಕರೆತಂದಳು. ಎಲ್ಲ ಕೆಟ್ಟದ್ದು ಅಲ್ಲೇ. ಅಥವಾ ಎಲ್ಲ ಸುರುವಾದದ್ದು ಅಲ್ಲೇ.

ಬಾವಿಕಟ್ಟಿಯವರ ಮನೆಯ ಯಜಮಾನಿ ಶೀತಲ್‌ಳ ಅಜ್ಜಿ ಸುಮಿತ್ರವ್ವ. ತಂದೆ ಉಳವಪ್ಪನಿಗೆ ಲಕ್ಷ್ಮೇಶ್ವರದಲ್ಲಿ ಕಾಳಿನ ಅಂಗಡಿ. ಹೊರಗೆ ನಾಲ್ಕು ಮಾತಾಡುವ ಮನುಷ್ಯ, ಮನೆಗೆ ಬಂದರೆ ಅವ್ವನ ಮುಖ ನೋಡುತ್ತಾನೆ. ಮನೆಯ ಹಿತ್ತಲಲ್ಲಿ ಕಲ್ಲಿನ ಕಟ್ಟೆಯ ಹಳೇ ಬಾವಿ. ನಳದ ನೀರು ಬಂದು ಎಷ್ಟು ವರ್ಷವಾದರೂ ಓಣಿಯವರು ಕುಡಿಯುವ ನೀರಿಗೆ ಅಲ್ಲಿಗೇ ಬರುತ್ತಾರೆ. ಬಾವಿಯಿಂದ ಹೆಸರು, ಹೆಸರಿನಿಂದ ಮನೆ. ಉಳವಪ್ಪನಿಗಿರುವುದು ಒಬ್ಬಳೇ ಮಗಳು. ಆದ್ದರಿಂದ ಶೀತಲ್‌ಳನ್ನು ಹೊರಗೆ ಕೊಡುವುದಿಲ್ಲ, ಮನೆ ಅಳಿಯನನ್ನೇ ತರಬೇಕು, ಬಂದವನು ತನ್ನ ಅಡ್ಡಹೆಸರು ಬಿಟ್ಟು ಬಾವಿಕಟ್ಟಿ ಆಗಬೇಕು ಎಂಬುದು ಅಜ್ಜಿಯ ಶರತ್ತು. ಮುಳಗುಂದದ ಹುಡುಗ ಬಂದ, ಶರತ್ತು ಕೇಳಿ ಚಹಾ ಕುಡಿದು ಹೋದ. ಬೆಳ್ಳಟ್ಟಿಯವನು ಚಹಾನೂ ಕುಡಿಯಲಿಲ್ಲ. ಮನೆ ಅಳಿಯ ಸಿಗಲಿಲ್ಲ ಎಂಬ ಹಾಡು ಆ ಮನೆಯಲ್ಲಿ ದಿನಕ್ಕೆ ಮೂರು ಹೊತ್ತು.

ರೆನಾಟೊಗೆ ನೀರು ಕೊಟ್ಟ ಅಜ್ಜಿ ಎರಡನೇ ಮಾತಿಗೇ ಅಡ್ಡಹೆಸರು ಕೇಳಿದಳು. ಪರದೇಶದವನು, ಹೊಟ್ಟೆನೋವಿನವನು, ಅಜ್ಜಿ ಹೊರಗಿನಿಂದಲೇ ಕಳಿಸಿಬಿಟ್ಟರೆ ಎಂದು ಶೀತಲ್‌ಗೆ ಅಳುಕು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ನಮ್ಮದ ಅಜ್ಜಿ. ಅವರ ಭಾಷಾದಾಗ ಬಾವಿಕಟ್ಟಿ."

ಅಜ್ಜಿ ಕನ್ನಡಕ ಹಾಕಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಾವಿಯ ಮೇಲಿನವರು ಎಂಬುದನ್ನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಅವನ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದಳು. ಅಂದು ಸಂಜೆಗೇ ಲಾಡ್ಜಿನಿಂದ ಅವನ ಬ್ಯಾಗು ಬಂದು ಮಾಳಿಗೆಯ ಕೋಣೆ ಸೇರಿತು. ಶೀತಲ್ ಒಳಗೊಳಗೇ ಕುಣಿದಳು. ಆ ಕುಣಿತ ಒಂದೇ ರಾತ್ರಿಯದು. ಮರುದಿನ ನೀರಿಗೆ ಬಂದ ಕಳಕವ್ವನಿಗೆ ಅಜ್ಜಿ ಖಬರ ಹೇಳುತ್ತಿದ್ದಳು.

"ನಮ್ಮ ಬೆಡಗಿನ ಹುಡುಗರೀ. ಎಲ್ಲೋ ಸಮುದ್ರದಾಚಿ ಹೋಗಿದ್ದ ಕುಡಿ. ನಮ್ಮ ಶೀತಲಗ ಅಣ್ಣ ಆಗಬೇಕು."

ಮಜ್ಜಿಗೆ ಕಡೆಯುತ್ತಿದ್ದ ಶೀತಲ್‌ಳ ಕೈ ನಿಂತೇಹೋಯಿತು. ತಾನು ಮಾಡಿಕೊಂಡದ್ದೇನೆಂದು ಅವಳಿಗೆ ಆಗ ಹೊಳೆಯಿತು. ಬೆಡಗು ಅಂದರೆ ಮನೆತನದ ಮೂಲ. ಒಂದೇ ಬೆಡಗಿನ ಹುಡುಗ ಹುಡುಗಿ ಅಣ್ಣ ತಂಗಿ, ಅಲ್ಲಿ ಮದುವೆಯ ಮಾತೇ ಇಲ್ಲ. ಅಜ್ಜಿಯ ಲೆಕ್ಕದಲ್ಲಿ ಒಂದೇ ಬಾವಿಯ ಹೆಸರು ಹೊತ್ತವರು ಒಂದೇ ಬೆಡಗು, ನಡುವೆ ಎಷ್ಟು ಸಮುದ್ರ ಬಂದರೂ ಅಷ್ಟೇ. ಮನೆಯೊಳಗೆ ಬರಲಿ ಎಂದು ಬಾಗಿಲು ತೆಗೆದವಳೇ ಅವನನ್ನು ಅಣ್ಣನ ಮಣೆಯ ಮೇಲೆ ಕೂರಿಸಿದ್ದಳು.

ರೆನಾಟೊಗೆ ಇದ್ಯಾವುದೂ ಗೊತ್ತಿಲ್ಲ. ಈ ಕಡೆ ಅಂಗಡಿಯವನನ್ನೂ ಆಟೋದವನನ್ನೂ ಅಣ್ಣ ಎಂದೇ ಕರೆಯುವುದನ್ನು ಕೇಳಿದ್ದ ಅವನಿಗೆ ಅದು ದೊಡ್ಡ ಮರ್ಯಾದೆಯ ಮಾತು. ಅಜ್ಜಿಯ ಪಕ್ಕ ಕೂತು ರೊಟ್ಟಿ ತಿನ್ನುತ್ತ, ಅವಳ ಬಾಯಿಂದಲೇ ಕನ್ನಡ ಕಲಿತ. ಅಜ್ಜಿ ಅವನಿಗೆ ರೇಣಪ್ಪ ಎಂದು ಹೆಸರಿಟ್ಟಳು. ಅವನು ಮೊದಲು ಕಲಿತ ಹತ್ತು ಶಬ್ದಗಳಲ್ಲಿ ಎರಡು, ಮನಿ ಅಳಿಯ. ಕಲಿಯದೆ ಏನು ಮಾಡಿಯಾನು, ಆ ಮನೆಯಲ್ಲಿ ಅದಕ್ಕಿಂತ ಹೆಚ್ಚು ಕಿವಿಗೆ ಬೀಳುವ ಮಾತು ಬೇರೆ ಇರಲಿಲ್ಲ.

ಖಬರ ಗುಡ್ಡಕ್ಕೂ ಏರಿತು. ಸೈಟ್ ನೋಡಿಕೊಳ್ಳುವ ಅಯ್ಯೂಬ ಭಾಳ ನಿಯತ್ತಿನ ಮನುಷ್ಯ, ಫಾರ್ಮಿನಲ್ಲಿ ಖಾಲಿ ಕಾಲಂ ಕಂಡರೆ ಅವನಿಗೆ ಊಟ ಸೇರುವುದಿಲ್ಲ. ಶೀತಲ್ ಹೆಸರಿನ ಮುಂದೆ, ಸಂಬಂಧ ಎಂಬಲ್ಲಿ, ಅವನೇ ಸಿಸ್ಟರ್ ಎಂದು ತುಂಬಿಸಿದ. ಶೀತಲ್ ಅದನ್ನು ದಿನಾ ನೋಡಬೇಕು, ಕೆಳಗೆ ಸಹಿ ಹಾಕಬೇಕು. ಅಲ್ಲ ಎಂದು ಹೇಳಿದರೆ ಮತ್ತೇನು ಎಂದು ಕೇಳುತ್ತಾರೆ. ಅದಕ್ಕೆ ಅವಳ ಹತ್ತಿರ ಉತ್ತರವಿತ್ತು, ಹೇಳುವ ಧೈರ್ಯವಿರಲಿಲ್ಲ.

ದೀಪಾವಳಿ ಹತ್ತಿರ ಬಂತು. ರೆನಾಟೊನ ಮೂರು ತಿಂಗಳೂ ಮುಗಿಯುತ್ತ ಬಂತು. ಇನ್ನೂ ಮೂರು ವರ್ಷ ಇಲ್ಲೇ ಇರುತ್ತೀಯಾ ಎಂದು ಕಂಪನಿ ಕೇಳಿದ್ದಕ್ಕೆ ಅವನಿನ್ನೂ ಉತ್ತರ ಕೊಟ್ಟಿರಲಿಲ್ಲ. ಅಜ್ಜಿಯ ತಯಾರಿಯೇ ಬೇರೆ. ನೀರು ತುಂಬುವ ಹಬ್ಬದ ಮರುದಿನ ಬೆಳಿಗ್ಗೆ ಎಣ್ಣೆಸ್ನಾನ, ಆಮೇಲೆ ಹೆಂಡತಿ ಗಂಡನಿಗೆ, ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಆರತಿ ಎತ್ತಬೇಕು, ಅವರು ತಟ್ಟೆಗೆ ಉಡುಗೊರೆ ಹಾಕಬೇಕು. ಹುಟ್ಟಿದಾಗಿನಿಂದ ಆರತಿ ಎತ್ತಲು ಒಬ್ಬ ಅಣ್ಣನಿಲ್ಲದ ಮೊಮ್ಮಗಳಿಗೆ ಈ ವರ್ಷ ಅಣ್ಣ ಸಿಕ್ಕಿದ್ದಾನೆ. ಅಜ್ಜಿ ರೇಣಪ್ಪನನ್ನು ಕರೆದು, ಬೆಟಗೇರಿಗೆ ಹೋಗಿ ತಂಗಿಗೊಂದು ಸೀರೆ ತಾ ಎಂದು ಅಪ್ಪಣೆ ಮಾಡಿದಳು. ಬಣ್ಣ ಆರಿಸಲು ಶೀತಲ್‌ಳನ್ನೇ ಜೊತೆಗೆ ಕಳಿಸಿದಳು.

ಬೆಟಗೇರಿಯ ನೇಕಾರರ ಓಣಿಯಲ್ಲಿ ಸೀರೆ ಬಿಚ್ಚಿ ಹರವಿದ ಅಲ್ಮಾಸಬಿ, ಸೀರೆ ಯಾರಿಗೆ ಎಂದು ಕೇಳಿದಳು. ಮಾವಿನ ಹಣ್ಣಿನ ಬಣ್ಣದ ಸೀರೆಯೊಂದನ್ನು ಶೀತಲ್‌ಳ ಹೆಗಲಿಗೆ ಹಿಡಿದು, ಬಣ್ಣ ಒಪ್ಪುತ್ತದೋ ಇಲ್ಲವೋ ಎಂದು ತಲೆ ವಾರೆ ಮಾಡಿ ನೋಡುತ್ತಿದ್ದ ರೆನಾಟೊ, ಅಜ್ಜಿ ಕಲಿಸಿದ ಕನ್ನಡದಲ್ಲಿ ಹೆಮ್ಮೆಯಿಂದ ಉತ್ತರಿಸಿದ.

"ನನ್ನ ತಂಗಿಗಿ."

ಶೀತಲ್ ಸೀರೆಯನ್ನು ಮಡಚದೆಯೇ ಕೆಳಗಿಟ್ಟು ಹೊರಗೆ ಹೋದಳು.

ಅವನು ಸೀರೆಯ ಪೊಟ್ಟಣ ಹಿಡಿದು ಓಡಿಬಂದಾಗ ಅವಳು ಬೇವಿನ ಮರದ ನೆರಳಲ್ಲಿ ಮುಖ ತಿರುಗಿಸಿ ನಿಂತಿದ್ದಳು. ಪಕ್ಕದ ಮನೆಯಲ್ಲಿ ಮಗ್ಗ ಖಟಖಟ ಬಡಿಯುತ್ತಿತ್ತು. ಎಲ್ಲವನ್ನೂ ಹೇಳಿದಳು. ಅಣ್ಣ ಅಂದರೆ ಏನು, ಬೆಡಗು ಅಂದರೆ ಏನು, ಆರತಿ ಎತ್ತಿದ ಮೇಲೆ ಆ ಸಂಬಂಧ ಊರೆಲ್ಲ ಒಪ್ಪಿದ ಸಂಬಂಧವಾಗುತ್ತದೆ, ಆಮೇಲೆ ಬದಲಾಗುವುದಿಲ್ಲ ಎಂಬುದನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಅವನ ಮುಖದ ನಗು ಇಳಿಯಿತು. ನನಗೆ ತಂಗಿ ಬೇಡ ಎಂದ. ಯಾಕೆ ಎಂದಳು ಶೀತಲ್, ನೆಲ ನೋಡುತ್ತ. ಅವನು ತನ್ನ ಎದೆಯ ಮೇಲೆ, ಬಕಲ್ ಇರುವ ಜಾಗಕ್ಕೆ ಬೆರಳಿಟ್ಟ.

"ದಿನಾ ಬೆಳಿಗ್ಗೆ ನೀನು ಎರಡನೇ ಸಲ ಎಳೆಯುವುದನ್ನೇ ಕಾಯುತ್ತೇನೆ. ಒಂದೇ ಸಲ ಎಳೆದು ಬಿಟ್ಟರೆ ಅಂದು ಮೇಲೆ ಹತ್ತಲು ನನಗೆ ಹೆದರಿಕೆಯಾಗುತ್ತದೆ."

ಇಂಗ್ಲಿಷಿನಲ್ಲೇ ಹೇಳಿದ. ಅವಳಿಗೆ ಯಾವ ಭಾಷೆಯಲ್ಲಿ ಹೇಳಿದರೂ ಸಾಕಾಗಿತ್ತು. ಕಣ್ಣು ತುಂಬಿಕೊಂಡೇ ನಕ್ಕಳು. ನನಗೂ ಅಣ್ಣ ಬೇಡ, ನೀನು ಬೇಕು ಎಂದಳು. ಆದರೆ ಅಜ್ಜಿಗೆ ನಾವು ಏನು ಹೇಳಿದರೂ ಸಾಲದು, ಅಡ್ಡಹೆಸರೇ ಸಾಕ್ಷಿ ಹೇಳಬೇಕು ಎಂದೂ ಸೇರಿಸಿದಳು. ಅಂದು ಸಂಜೆಯೇ ರೆನಾಟೊ ಮೂರು ವರ್ಷದ ಕಾಗದಕ್ಕೆ ಸಹಿ ಹಾಕಿ ಅಯ್ಯೂಬನ ಕೈಗೆ ಕೊಟ್ಟ.

ನೀರು ತುಂಬುವ ಹಬ್ಬದ ಸಂಜೆ. ಬಾವಿಯ ಕಟ್ಟೆ ತೊಳೆದು, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಹಿಂಡಲಕಾಯಿ ಬಳ್ಳಿ ಸುತ್ತಿದ ಕೊಡಗಳನ್ನು ಸಾಲಾಗಿ ಇಟ್ಟಿದ್ದರು. ಉಳವಪ್ಪ ಲಕ್ಷ್ಮೇಶ್ವರದಿಂದ ಜಲ್ದಿ ಬಂದಿದ್ದ. ಕಟ್ಟೆಯ ಆಚೆ ಬದಿಯಲ್ಲಿ ರೆನಾಟೊ ತನ್ನ ಅಜ್ಜಿಗೆ ವೀಡಿಯೊ ಕಾಲ್ ಮಾಡಿ ಬಾವಿ ತೋರಿಸುತ್ತಿದ್ದ. ಅಲ್ಲಿ ಬೆಳಗಿನ ಹತ್ತು ಗಂಟೆ. ಸುಮಿತ್ರವ್ವ ಆರತಿ ತಟ್ಟೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಹೊಳೆಯಿಸಿ, ನಾಳೆಗೆ ಎತ್ತಿಡು ಎಂದು ಮೊಮ್ಮಗಳ ಕೈಗೆ ಕೊಟ್ಟಳು. ಶೀತಲ್ ತೆಗೆದುಕೊಳ್ಳಲಿಲ್ಲ.

"ಅಜ್ಜಿ, ನಾ ಆರತಿ ಎತ್ತಂಗಿಲ್ಲ. ಅವ ನನಗ ಅಣ್ಣ ಆಗೂದು ಬ್ಯಾಡ."

ಉಳವಪ್ಪ ಅವ್ವನ ಮುಖ ನೋಡಿದ. ಅಜ್ಜಿಗೆ ಅರ್ಥವಾಗದೆ ಏನು, ಎಪ್ಪತ್ತೆಂಟು ವರ್ಷದವಳು. ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಕೂತುಬಿಟ್ಟಳು. ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು ಅವಳ ದನಿಯಲ್ಲಿ.

"ನಮ್ಮದ ಹೆಸರಂತ ನೀನ ಹೇಳಿದ್ದಿ. ಹುಡುಗ ಬಂಗಾರದಂಥಾಂವ, ನನಗ ಕಾಣಂಗಿಲ್ಲೇನು? ಆದರ ಒಂದ ಬಾವಿ ಹೆಸರಿನವ್ರು ಒಡಹುಟ್ಟಿದವ್ರು. ಅದನ್ನ ನಾ ಹೆಂಗ ಅಳಸ್ಲಿ?"

ಶೀತಲ್ ಏನೋ ಹೇಳಲು ಹೋದಳು. ಸುಮ್ಮನಿರು, ನೀನು ಹೇಳಿದ ಅರ್ಥ ಕೇಳಿಯೇ ಇಷ್ಟೆಲ್ಲ ಆದದ್ದು ಎಂದು ಅಜ್ಜಿ ಅವಳ ಬಾಯಿ ಮುಚ್ಚಿಸಿದಳು.

ಆಚೆ ಬದಿಯಲ್ಲಿ ಫೋನಿನೊಳಗಿನ ಅಜ್ಜಿ ಬಾವಿ ನೋಡಿದಾಗಿನಿಂದ ಒಂದೇ ಸಮನೆ ಮಾತಾಡುತ್ತಿದ್ದಳು. ರೆನಾಟೊ ಹೂಂ ಹೂಂ ಅನ್ನುತ್ತಿದ್ದವನು ಒಮ್ಮೆಲೇ ಎದ್ದು ನಿಂತ. ಅದೇ ಮಾತನ್ನು ಇನ್ನೊಮ್ಮೆ ಹೇಳಿಸಿದ. ಆಮೇಲೆ ಫೋನು ಕೈಯಲ್ಲೇ ಹಿಡಿದು ಸುಮಿತ್ರವ್ವನ ಮುಂದೆ ಬಂದು ಮಂಡಿಯೂರಿದ. ಅವನು ಹೇಳಬೇಕೆಂದಿರುವುದೇನು ಎಂದು ಶೀತಲ್‌ಗೂ ಗೊತ್ತಿರಲಿಲ್ಲ.

"ಅಜ್ಜಿ," ಎಂದ, ಒಂದೊಂದೇ ಶಬ್ದ ಹುಡುಕುತ್ತ. "ನಮ್ಮ ಮುತ್ತಜ್ಜ ಹುಟ್ಟಿದ್ದು ಅಡವಿಯವ್ರ ಮನಿ. ಬಾವಿ ಮನಿಯಾಗ ಗಂಡಹುಡುಗ ಇಲ್ಲ. ಒಬ್ಬಾಕಿ ಹುಡುಗಿ. ಮುತ್ತಜ್ಜ ಅಡವಿ ಹೆಸರು ಬಿಟ್ಟ. ಬಾವಿ ಹೆಸರು ತಗೊಂಡ." ಉಸಿರೆಳೆದುಕೊಂಡು ಮುಗಿಸಿದ. "ಮನಿ ಅಳಿಯ."

ಅಜ್ಜಿ ಇನ್ನೊಮ್ಮೆ ಹೇಳು ಎಂದಳು. ಅವನು ಇನ್ನೊಮ್ಮೆ ಹೇಳಿದ. ಜಪಾನಿನಲ್ಲೂ ಹೀಗೆ ಮಾಡುತ್ತಾರೆಯೇ, ಅಲ್ಲೂ ಅಳಿಯ ಬಂದು ಹೆಣ್ಣಿನ ಮನೆಯ ಹೆಸರು ಹೊರುತ್ತಾನೆಯೇ ಎಂದು ಅಜ್ಜಿಗೆ ನಂಬಿಕೆಯಾಗಲಿಲ್ಲ. ಅವನ ಕೈಯಿಂದ ಫೋನು ತೆಗೆದುಕೊಂಡು ನೋಡಿದಳು. ಒಳಗಿದ್ದ ಮುದುಕಿಯೂ ಕನ್ನಡಕ ಸರಿಮಾಡಿಕೊಂಡು ಇವಳನ್ನು ನೋಡಿದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಒಂದಕ್ಷರ ತಿಳಿಯದು. ಸುಮಿತ್ರವ್ವ ರೆನಾಟೊನ ಕಡೆ ಬೆರಳು ಮಾಡಿದಳು, ಶೀತಲ್‌ಳ ಕಡೆ ಬೆರಳು ಮಾಡಿದಳು, ಹುಬ್ಬು ಹಾರಿಸಿದಳು. ಅಲ್ಲಿಂದ ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ಒಂದು ನಗು ಬಂತು, ಎರಡೂ ಕೈ ಮೇಲೆದ್ದು ಚಪ್ಪಾಳೆ ಬಿತ್ತು.

ಸುಮಿತ್ರವ್ವ ಲೆಕ್ಕ ಹಾಕಿದಳು. ಮನೆ ಅಳಿಯನಾದರೆ ಅಡ್ಡಹೆಸರು ಬದಲಾಗುತ್ತದೆ, ಹುಟ್ಟಿನ ಬೆಡಗು ಬದಲಾಗುವುದಿಲ್ಲ. ಅಂದಮೇಲೆ ಈ ಹುಡುಗ ಹುಟ್ಟಿನಿಂದ ಅಡವಿಯವನು. ಬಾಳೆಹೊಸೂರಿನ ಅಡವಿಯವರಿಗೂ ಬಾವಿಕಟ್ಟಿಯವರಿಗೂ ಹೆಣ್ಣು ಕೊಡುವುದು ತರುವುದು ಮೊದಲಿನಿಂದ ನಡೆದೇ ಬಂದಿದೆ. ಉಳವಪ್ಪ ಮಾತ್ರ ಜೀವನದಲ್ಲಿ ಮೊದಲ ಸಲ ಅವ್ವನಿಗಿಂತ ಮೊದಲು ಬಾಯಿಬಿಟ್ಟ. ಇಲ್ಲೇ ಇರುತ್ತಾನೋ, ನಾಳೆ ಮಗಳನ್ನು ಹಡಗು ಹತ್ತಿಸುತ್ತಾನೋ ಎಂದು ಕೇಳಿದ. ಮೂರು ವರ್ಷಕ್ಕೆ ಸಹಿ ಹಾಕಿ ಆಗಿದೆ, ಆಮೇಲೆಯೂ ಗುಡ್ಡದ ಫ್ಯಾನುಗಳು ಎಲ್ಲಿಗೂ ಹೋಗುವುದಿಲ್ಲ ಎಂದು ರೆನಾಟೊ ಹೇಳಿದ್ದನ್ನು ಶೀತಲ್ ಕನ್ನಡಕ್ಕೆ ತಂದಳು. ಈ ಸಲ ಒಂದಕ್ಷರ ಹೆಚ್ಚು ಕಡಿಮೆ ಮಾಡಲಿಲ್ಲ.

ಅಜ್ಜಿ ಎದ್ದು ತುಂಬಿದ ಕೊಡವೊಂದನ್ನು ರೆನಾಟೊನ ಹೆಗಲಿಗೆ ಏರಿಸಿದಳು. ಕಣ್ಣು ಒರೆಸಿಕೊಳ್ಳುತ್ತ ಮಗನ ಕಡೆ ತಿರುಗಿದಳು.

"ಹೆಸರು ಬಿಡು ಅಂದಿದ್ದಕ್ಕ ಎಷ್ಟ ಮಂದಿ ಓಡಿಹೋದ್ರೋ ಉಳವಪ್ಪ. ಇವ ನೋಡು, ನಾಕ ತಲಿಮಾರಿನ ಹಿಂದನ ಬಿಟ್ಟ ಬಂದಾನ. ಆರತಿ ಈ ವರ್ಷ ನಾ ಎತ್ತತೀನಿ. ಮುಂದಿನ ವರ್ಷದಿಂದ ಅಕಿ ಎತ್ತಲಿ, ಹೆಂಡತಿ ಆಗಿ."

ಮರುದಿನ ಬೆಳಿಗ್ಗೆ ಆರತಿ ತಟ್ಟೆಗೆ ಬಿದ್ದ ಮಾವಿನ ಬಣ್ಣದ ಸೀರೆಯನ್ನು ಅಜ್ಜಿ ತಾನಿಟ್ಟುಕೊಳ್ಳಲಿಲ್ಲ. ಕುಪ್ಪಸದ ಬಟ್ಟೆ ಸೇರಿಸಿ, ಕುಂಕುಮವಿಟ್ಟು, ಇದು ಸೊಸೆಗೆ ಎಂದು ಶೀತಲ್‌ಗೆ ಉಡಿ ತುಂಬಿದಳು. ಸ್ವಂತ ಮೊಮ್ಮಗಳು ಸೊಸೆ ಹೇಗಾಗುತ್ತಾಳೆ ಎಂದು ಕಳಕವ್ವ ಕೇಳಿದ್ದಕ್ಕೆ, ಅಡವಿಯವರ ಸೊಸೆ ಎಂದು ಉತ್ತರ ಬಂತು.

ಹಬ್ಬ ಮುಗಿದ ಸೋಮವಾರ ಗುಡ್ಡದ ಮೇಲೆ ಮತ್ತೆ ಸಾಲು. ಶೀತಲ್ ಕೆಂಪು ಪೆನ್ನು ತೆಗೆದು ರೆನಾಟೊನ ಫಾರ್ಮಿನಲ್ಲಿ ಸಿಸ್ಟರ್ ಎಂಬುದನ್ನು ಹೊಡೆದುಹಾಕಿ, ಮೇಲೆ ಇನ್ನೊಂದು ಶಬ್ದ ಬರೆದಳು. ಕಾಗದ ನೋಡಿದ ಅಯ್ಯೂಬ, ಕಂಪನಿ ಫಾರ್ಮಿನಲ್ಲಿ ಹೊಡೆದು ಬರೆಯುವುದು ಸರಿಯಲ್ಲ ಎನ್ನಲು ಬಾಯಿ ತೆರೆದವನು, ಬರೆದದ್ದನ್ನು ಓದಿ ಬಾಯಿ ಮುಚ್ಚಿದ. ತಾನೇ ಪಕ್ಕದಲ್ಲಿ ಸಾಕ್ಷಿ ಸಹಿ ಹಾಕಿ ಪೇಢೆ ಎಲ್ಲಿ ಎಂದು ಕೇಳಿದ.

ಅವಳು ರೆನಾಟೊನ ಮುಂದೆ ನಿಂತು ಎದೆಯ ಬಕಲ್ ಎಳೆದಳು. ಎರಡನೇ ಸಲ ಎಳೆದಳು. ಅವನು ಉಸಿರು ಬಿಗಿಹಿಡಿದು ಹಾಗೇ ನಿಂತಿದ್ದ, ಇನ್ನೂ ಏನೋ ಬರಬೇಕಾಗಿದೆ ಎನ್ನುವವನ ಹಾಗೆ.

"ಆತು, ಹತ್ತು ಇನ್ನ," ಎಂದು ಶೀತಲ್ ಮೂರನೇ ಸಲ ಎಳೆದಳು. "ಸಂಜಿಗೆ ಜಲ್ದಿ ಇಳಿ. ಮನಿಯಾಗ ಅಜ್ಜಿ ಕಾಯಾಕತ್ತಾಳ."